ತಮಟೆ ಕಾಯಿಸುವ ಹುಲ್ಲು

ಶಿವನಂಜಮ್ಮ ಯಾವ ಮಾತಿಗೂ ಒಂದೇ ಸಲಕ್ಕೆ ಹೂಂ ಅಂದವಳಲ್ಲ. ಕೃಷ್ಣರಾಜನಗರದ ಕಡೆಯ ಅವಳ ತವರಿಗೆ ಹೆಣ್ಣು ನೋಡಲು ಬಂದವರ ಮುಂದೆ ಹಿರಿಯರು, "ಒಪ್ಪಿಗೆಯೇನವ್ವಾ?" ಎಂದು ಕೇಳಿದಾಗ, ತಲೆ ತಗ್ಗಿಸಿ ಕೂರಬೇಕಾಗಿದ್ದ ಹದಿನಾಲ್ಕರ ಹುಡುಗಿ ತಲೆಯೆತ್ತಿ, "ಇನ್ನೊಂದ್ ಸಲ ಯೋಳಿ" ಅಂದಿದ್ದಳಂತೆ. ಹುಡುಗಿಗೆ ಕಿವಿ ಮಂದವೇನೋ ಎಂದು ಗಂಡಿನ ಕಡೆಯವರು ಗಾಬರಿಯಾದರು. ಕಿವಿ ಚೆನ್ನಾಗಿಯೇ ಇತ್ತು. ಸಾಯುವ ತನಕ ಬಾಳಬೇಕಾದ ಮಾತನ್ನು ಎರಡು ಸಲ ಕೇಳಿಸಿಕೊಂಡರೆ ಯಾರ ಗಂಟು ಹೋಗುತ್ತದೆ ಎನ್ನುವುದು ಅವಳ ವಾದ. ಎರಡನೆಯ ಸಲ ಕೇಳಿಸಿಕೊಂಡು, ಹುಡುಗನ ಮುಖವನ್ನೂ ಒಮ್ಮೆ ನೋಡಿ, ಹೂಂ ಅಂದಳು. ಹಾಗೆ ಅವಳು ಹುಣಸೂರು ತಾಲ್ಲೂಕಿನ ಹೊಳೆಕೊಪ್ಪಲಿಗೆ, ಬೆಟ್ಟಸ್ವಾಮಿಯ ಮನೆಗೆ ಬಂದಳು.

ಹೊಳೆಕೊಪ್ಪಲು ಇರುವುದು ಹನಗೋಡಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ. ಬೆಟ್ಟಸ್ವಾಮಿ ಅಲ್ಲಿಯ ಯಜಮಾನ. ಶಿವನಂಜಮ್ಮ ಎಷ್ಟು ನಿಧಾನವೋ ಅವನು ಅಷ್ಟು ಆತುರ. ಮುದ್ದೆ ತಣಿಯುವುದಕ್ಕೆ ಬಿಡದೆ ನುಂಗಿ ನಾಲಿಗೆ ಸುಟ್ಟುಕೊಳ್ಳುವವನು. ಆದರೂ ಮೂವತ್ತೆಂಟು ವರ್ಷ ಇಬ್ಬರೂ ಚೆನ್ನಾಗಿಯೇ ಬಾಳಿದ್ದರು. ಅವನು ಆಡಿದ್ದರಲ್ಲಿ ಅರ್ಧವನ್ನು ಅವಳು ಸದ್ದಿಲ್ಲದೆ ಸರಿಮಾಡುತ್ತಿದ್ದಳು. ಅವನು ಅದನ್ನು ಸದ್ದಿಲ್ಲದೆ ಒಪ್ಪಿಕೊಳ್ಳುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆರಡನೇ ಇಸವಿ ಶುರುವಾದಾಗ ಊರಿಗೆಲ್ಲ ಮೊದಲ ಸಲ ಓಟು ಬಂತು. ಅಲ್ಲೂ ಶಿವನಂಜಮ್ಮನದು ಅದೇ ಚಾಳಿ. ಚೀಟಿ ಹಿಡಿದು ಮರೆಯೊಳಗೆ ಹೋದವಳು ಹೊರಗೆ ಬರಲೇ ಇಲ್ಲ. ಸಾಲಿನಲ್ಲಿದ್ದವರು ಗೊಣಗಿದರು, ಅಧಿಕಾರಿ ಕೂಗಿದ. "ಇರಪ್ಪ, ಪೆಟ್ಟಿಗೆ ಮ್ಯಾಲಿನ್ ಚಿತ್ರಾನೆಲ್ಲ ಇನ್ನೊಂದ್ ಸಲ ನೋಡ್ಬುಡ್ತೀನಿ. ಐದೊರ್ಷಕ್ ಒಂದ್ ಸಲ ಕೊಡೋ ಚೀಟಿ ಅಂತೀರಿ, ಒಂದ್ ಗಳಿಗೆ ಯೋಚ್ನೆ ಮಾಡ್ಬೇಡ ಅಂತೀರಿ!" ಎಂದು ಒಳಗಿನಿಂದಲೇ ಉತ್ತರ ಬಂತು. ಸಾಲು ಪೂರ್ತಿ ನಕ್ಕಿತು.

ಓಟು ಮುಗಿದು, ಗೆದ್ದವರು ಬೆಂಗಳೂರಿಗೆ ಹೋಗಿ, ಮಳೆಗಾಲ ಹಿಡಿಯುವ ಹೊತ್ತಿಗೆ ಊರಿನ ಗೋವಿಂದಯ್ಯ ಮೇಷ್ಟ್ರು ಮಕ್ಕಳಿಗೆ ಹೊಸ ಸಂವಿಧಾನದ ಪಾಠ ಮಾಡಿದರು. ಶಿವನಂಜಮ್ಮನ ಮೊಮ್ಮಗಳು ನೀಲಾಂಬಿಕೆ ಆಗ ತಾನೇ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಮುಂದಿನ ಕ್ಲಾಸು ಊರಿನಲ್ಲಿರಲಿಲ್ಲ. ಆದರೂ ಅವಳು ದಿನಾ ಹೋಗಿ ಮೇಷ್ಟ್ರ ಮುಂದೆ ಕೂತು ಬರುತ್ತಿದ್ದಳು. ಬಂದವಳು ಅಜ್ಜಿಯ ಪಕ್ಕ ಕೂತು, ಕೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು.

"ಅಜ್ಜೀ, ನಮ್ ಮೈಸೂರ್ ರಾಜ್ಯಕ್ಕೆ ಎಲ್ಡ್ ಸಭೆಯಂತೆ. ಮಾರಾಜ್ರ ಕಾಲ್ದಲ್ಲೂ ಎಲ್ಡಿದ್ವಂತೆ, ಈಗ ಒಸಾ ಕಾನೂನ್ನಲ್ಲೂ ಎಲ್ಡೇ ಇರ್ಲಿ ಅಂತ ಇಟ್ಕಂಡವ್ರಂತೆ. ಕೆಲ್ವು ರಾಜ್ಯಕ್ಕೆ ಒಂದೇ ಅಂತೆ. ವಿಧಾನಸಭೆ ಒಂದು, ವಿಧಾನ ಪರಿಷತ್ತು ಇನ್ನೊಂದು."

ಶಿವನಂಜಮ್ಮ ರಾಗಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿ, "ಇನ್ನೊಂದ್ ಸಲ ಯೋಳು ಕೂಸೇ. ಒಂದ್ ಕೆಲ್ಸಕ್ಕೆ ಎಲ್ಡ್ ಸಭೆ ಯಾಕೆ?" ಅಂದಳು.

"ಒಂದ್ ಸಭೇಲಿ ಆತುರಕ್ ಏನಾರಾ ತಪ್ಪು ಆದ್ರೆ, ಇನ್ನೊಂದ್ ಸಭೆಯೋರು ನೋಡಿ ವಾಪಸ್ ಕಳಿಸ್ತಾರಂತೆ. ಇನ್ನೊಂದ್ ಸಲ ಯೋಚ್ನೆ ಮಾಡಿ ಅಂತ."

ಶಿವನಂಜಮ್ಮನಿಗೆ ಎಲ್ಲಿಲ್ಲದ ಖುಷಿಯಾಯಿತು. ಹುಟ್ಟಿದಾಗಿನಿಂದ ತಾನು ಮಾಡಿಕೊಂಡು ಬಂದು, ಎಲ್ಲರ ಕೈಲಿ ಬೈಸಿಕೊಂಡ ಕೆಲಸವನ್ನು ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರು ಕಾನೂನು ಮಾಡಿ ಇಟ್ಟಿದ್ದಾರೆ! "ಅಲ್ವಾ ಮತ್ತೆ? ಜರಡಿ ಹಿಡಿದ್ ಮ್ಯಾಕೆ ನಾವು ಮೊರಕ್ ಆಕಲ್ವಾ? ಜರಡೀಲಿ ತಪ್ಪಿಸ್ಕಂಡ್ ಕಲ್ಲು ಮೊರದಲ್ಲಿ ಸಿಕ್ಕತ್ತೆ," ಎಂದು ಕೇರಿ ಮುಗಿಸಿದ್ದ ರಾಗಿಯನ್ನು ಇನ್ನೊಂದು ಸಲ ಕೇರಿದಳು.

ಆ ಊರಿನ ಪಂಚಾಯಿತಿಯ ಕ್ರಮವನ್ನು ಇಲ್ಲಿ ಹೇಳಬೇಕು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಹಾಗಾಗಿ ಅವತ್ತು ಗಂಡಸರೆಲ್ಲ ಅರಳಿಕಟ್ಟೆಯಲ್ಲಿ ಸೇರಿ ಊರಿನ ಮಾತು ತೀರ್ಮಾನ ಮಾಡುತ್ತಿದ್ದರು. ಮಾರನೆಯ ಬೆಳಿಗ್ಗೆ ಚಾಮಯ್ಯ ತಮಟೆ ಬಡಿದು ಅದನ್ನು ಸಾರುತ್ತಿದ್ದ. ತಮಟೆ ಬೀಳುವ ತನಕ ಅದು ಬರಿಯ ಮಾತು. ಬಿದ್ದ ಮೇಲೆ ಕಟ್ಟಳೆ. ಯಜಮಾನನೂ ಅದನ್ನು ಮುರಿಯುವಂತಿಲ್ಲ. ತಮಟೆಯೋ ಬೆಂಕಿಗೆ ಹಿಡಿದು ಚರ್ಮ ಬಿಗಿಯಾಗದಿದ್ದರೆ ದನಿ ಎತ್ತುವುದಿಲ್ಲ. ಕಾಯಿಸಲು ಬೇಕಾದ ಒಂದು ಹಿಡಿ ಹುಲ್ಲು ಯಜಮಾನನ ಮನೆಯಿಂದಲೇ ಬರಬೇಕು, ಅದನ್ನು ಮನೆಯ ಯಜಮಾನಿಯೇ ಕೊಡಬೇಕು. ಬೇರೆ ಮನೆಯ ಹುಲ್ಲು ತಂದರೆ ಯಜಮಾನನಿಗೆ ಅವಮಾನ. ಶಿವನಂಜಮ್ಮ ಮೂವತ್ತೆಂಟು ವರ್ಷ ಆ ಹುಲ್ಲನ್ನು ಕೊಟ್ಟಿದ್ದಳು, ಅದರಲ್ಲಿ ಏನಿದೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಊರಿಗೆ ಬಸ್ಸು ಬರುವ ಸುದ್ದಿ ಬಂತು. ಹನಗೋಡಿನಿಂದ ಹುಣಸೂರಿಗೆ ಒಂದು ಬಸ್ಸು, ಬೆಳಿಗ್ಗೆ ಒಂದು ಸಲ ಹೋಗಿ ಸಂಜೆ ಒಂದು ಸಲ ಬರುವುದು. ಹೊಳೆಕೊಪ್ಪಲಿನಲ್ಲಿ ಎಷ್ಟು ಗಂಟೆಗೆ ಬೇಕು ಎಂದು ಊರಿನವರೇ ಹೇಳಬೇಕಂತೆ. ಅದನ್ನು ಕೇಳಿಕೊಂಡು ಹೋಗಲು ಬಸ್ಸಿನ ಏಜೆಂಟ್ ಮುಂದಿನ ವಾರ ಬರುತ್ತಾನಂತೆ.

ಶಿವನಂಜಮ್ಮ ಕುಣಿಯುವುದೊಂದು ಬಾಕಿ. ಹುಣಸೂರಿನ ಮಿಡ್ಲ್ ಸ್ಕೂಲಿಗೆ ನೀಲಾಂಬಿಕೆಯನ್ನು ಕಳಿಸಿ ಎಂದು ಮೇಷ್ಟ್ರು ಬೇಸಿಗೆಯಲ್ಲೇ ಹೇಳಿದ್ದರು. "ಎಣ್ಮಗು ಒಂಬತ್ ಮೈಲಿ ನಡ್ಕಂಡ್ ಓಗಕ್ಕಾಯ್ತದಾ? ಬಸ್ಸಿದ್ದಿದ್ರೆ ಕಳಿಸ್ತಿದ್ದೆ ಬುಡಿ" ಎಂದು ಬೆಟ್ಟಸ್ವಾಮಿ ಮಾತು ಮುಗಿಸಿದ್ದ. ಈಗ ಬಸ್ಸು ತಾನಾಗಿಯೇ ಬಾಗಿಲಿಗೆ ಬರುತ್ತಿದೆ. ತವರಿನಲ್ಲಿ ಅಣ್ಣ ಓದುವಾಗ ಮಠದ ಕಂಬದ ಮರೆಯಲ್ಲಿ ನಿಂತು ಅಕ್ಷರ ಕಲಿತವಳು ಶಿವನಂಜಮ್ಮ. ಒಂದು ದಿನ ಸಿಕ್ಕಿಬಿದ್ದು, ಅಲ್ಲಿಗೆ ಅವಳ ಓದು ಮುಗಿದಿತ್ತು. ಮೊಮ್ಮಗಳು ಬೆಂಚಿನ ಮೇಲೆ ಕೂತು ಓದಬೇಕು ಎನ್ನುವ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ಅದು ಅವಳಿಗೆ ಹಸಿವಿನಷ್ಟೇ ನಿಜವಾಗಿತ್ತು.

ಸೋಮವಾರ ಕಟ್ಟೆಯಿಂದ ಬೆಟ್ಟಸ್ವಾಮಿ ಮೀಸೆ ತಿರುವಿಕೊಂಡು ಬಂದ. "ತೀರ್ಮಾನ ಆಯ್ತು ಕಣೇ. ಎಲೆ ಅಡಿಕೆ ಆಕ್ಕಳೋ ಒಳಗೆ ಮುಗ್ಸಿದ್ವಿ. ಅನ್ನೊಂದ್ ಗಂಟೆ ಬಸ್ಸು."

"ಇನ್ನೊಂದ್ ಸಲ ಯೋಳಿ."

"ಅನ್ನೊಂದು! ಅಮಲ್ದಾರ್ ಕಚೇರಿ ಬಾಗ್ಲು ತಗಿಯೋದು ಅನ್ನೊಂದ್ ಗಂಟೆಗೆ. ಅದ್ಕೇ ಬಸ್ಸೂ ಅನ್ನೊಂದ್ ಗಂಟೆಗೆ. ಓಟ್ಲು ನಂಜಣ್ಣಂಗೂ ಒಳ್ಳೇದು. ಬಸ್ಸಿಗೆ ಬರೋರು ದೋಸೆ ತಿಂದು ಓಯ್ತಾರೆ."

"ನಮ್ ಕೂಸಿನ ಇಸ್ಕೂಲು? ಅತ್ತೂವರೆಗೇ ಗಂಟೆ ಒಡೀತಾರಂತಲ್ರೀ."

ಬೆಟ್ಟಸ್ವಾಮಿ ಬಿಚ್ಚುತ್ತಿದ್ದ ರುಮಾಲನ್ನು ಅರ್ಧಕ್ಕೇ ನಿಲ್ಲಿಸಿದ. ಅವನು ಮರೆತಿದ್ದ. ಮೊಮ್ಮಗಳನ್ನು ಕಳಿಸಬಾರದು ಎಂದೇನೂ ಅವನಿಗಿರಲಿಲ್ಲ, ಮರೆತೇ ಬಿಟ್ಟಿದ್ದ. ಬೇಕೆಂದೇ ಮಾಡಿದ್ದರೆ ಶಿವನಂಜಮ್ಮ ಜಗಳವಾಡುತ್ತಿದ್ದಳು, ಮರೆತದ್ದು ಅವಳಿಗೆ ಇನ್ನೂ ನೋವು ಕೊಟ್ಟಿತು. "ಆಡಿದ್ ಮಾತು ಆಡಿದ್ದೇ. ಮುಂದ್ಲೊರ್ಷ ನೋಡಾನ ಬುಡು" ಅಂದು ಅವನು ಕೈಕಾಲು ತೊಳೆಯಲು ಹೋದ. ಮುಂದಿನ ವರ್ಷ! ಹತ್ತು ವರ್ಷದ ಹೆಣ್ಣುಮಗುವಿಗೆ ಮುಂದಿನ ವರ್ಷ ಎಂದರೆ ಏನರ್ಥ ಎಂದು ಶಿವನಂಜಮ್ಮನಿಗೆ ಗೊತ್ತಿತ್ತು. ಮುಂದಿನ ವರ್ಷ ಬರುತ್ತದೆ, ಅದರ ಹಿಂದೆಯೇ ಗಂಡು ನೋಡುವ ಮಾತೂ ಬರುತ್ತದೆ. ನೀಲಾಂಬಿಕೆ ಹಿತ್ತಲಿಗೆ ಹೋಗಿ ಕರುವಿನ ಪಕ್ಕ ನಿಂತಳು.

ಮಂಗಳವಾರ ಬೆಳಿಗ್ಗೆ ಚಾಮಯ್ಯ ಬಂದು ಅಂಗಳದ ಆಚೆ ನಿಂತ. "ಅವ್ವಾ, ಉಲ್ಲು."

ಶಿವನಂಜಮ್ಮ ಬಣವೆಯ ತನಕ ಹೋದಳು, ಹುಲ್ಲನ್ನು ಹಿರಿದಳು. ಹಿರಿದ ಹುಲ್ಲು ಕೈಯಲ್ಲೇ ಉಳಿಯಿತು. ಇದನ್ನು ಕೊಟ್ಟರೆ ತಮಟೆ ಬೀಳುತ್ತದೆ. ತಮಟೆ ಬಿದ್ದರೆ ನೀಲಾಂಬಿಕೆಯ ಓದು ಅಲ್ಲಿಗೆ ನಿಲ್ಲುತ್ತದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಆ ಹಿಡಿ ಹುಲ್ಲು ಭಾರವೆನ್ನಿಸಿತು.

"ಇವತ್ತು ಉಲ್ಲಿಲ್ಲ ಚಾಮಯ್ಯ."

ಚಾಮಯ್ಯ ಮನೆಯೆತ್ತರದ ಬಣವೆಯನ್ನು ನೋಡಿದ, ಅವಳ ಕೈ ನೋಡಿದ. "ಕಾಣ್ತಾ ಐತಲ್ಲವ್ವಾ?"

"ಕಾಣೋದು ದನಗಳ್ದು. ತಮಟೇದು ಇನ್ನೂ ಬೆಳೀಬೇಕು. ಓಗಿ ನಿನ್ನೆಂಡ್ತಿ ಪುಟ್ಟಸಿದ್ದಮ್ಮನ್ನ ನಾಳೆ ಕಾಲ್ವೆ ಏರಿ ಅಲಸಿನ ಮರದ್ ತಾವ್ಕೆ ಬರೇಳು."

ಸುದ್ದಿ ಊರೆಲ್ಲ ಹಬ್ಬಿತು. ಹೋಟೆಲಿನಲ್ಲಿ ನಂಜಣ್ಣ, "ಯಜಮಾನ್ರ ಮನೇಲಿ ಬರಗಾಲವಂತೆ, ಯಾರಾರಾ ಒಂದೊರೆ ಉಲ್ಲು ಕಳ್ಸಿ" ಎಂದು ನಗಿಸಿದ. ಬೆಟ್ಟಸ್ವಾಮಿ ಮನೆಗೆ ಬಂದು ಕೂಗಾಡಿದ. ಶಿವನಂಜಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ನಿಮ್ ಮಾತ್ನ ನಾನು ಮುರೀತಿಲ್ಲ ಕಣ್ರೀ. ರಾಜ್ಯಕ್ಕೇ ಎಲ್ಡ್ ಸಭೆ ಅವೆ. ನಮ್ಮೂರ್ಗೂ ಇನ್ನೊಂದಿರ್ಲಿ. ನಾವೂ ಒಂದ್ಸಲ ಕೂತ್ಕಂಡ್ ನೋಡ್ತೀವಿ, ಆಮ್ಯಾಕೆ ಉಲ್ಲು" ಅಂದಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಅವತ್ತು ಬೆಟ್ಟಸ್ವಾಮಿ ಉಂಡದ್ದೂ ಜಗಲಿಯಲ್ಲಿ, ಮಲಗಿದ್ದೂ ಜಗಲಿಯಲ್ಲಿ.

ಹಲಸಿನ ಮರವನ್ನು ಶಿವನಂಜಮ್ಮ ಸುಮ್ಮನೆ ಆರಿಸಿರಲಿಲ್ಲ. ಕಾಲುವೆ ಏರಿ ಎಲ್ಲರದ್ದು, ಅಲ್ಲಿ ಯಾರ ಹೊಸ್ತಿಲನ್ನೂ ದಾಟಬೇಕಾಗಿಲ್ಲ, ಯಾರೂ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ. ಎರಡನೆಯದಾಗಿ, ಹಣ್ಣಿನ ಕಾಲ. ಬಿಂದಿಗೆಯಷ್ಟು ದೊಡ್ಡ ಹಣ್ಣನ್ನು ಇಳಿಸಿ, ಕೈಗೆಲ್ಲ ಎಣ್ಣೆ ಹಚ್ಚಿಸಿ, ಬಿಡಿಸಲು ಕೂರಿಸಿದಳು. ಹಲಸಿನ ಮೇಣ ಮೆತ್ತಿದ ಕೈಯಲ್ಲಿ ಯಾರೂ ಮಗು ಅತ್ತಿತು, ಎಮ್ಮೆ ಬಂತು ಎಂದು ನಡುವೆ ಎದ್ದುಹೋಗುವಂತಿಲ್ಲ. ಇಪ್ಪತ್ತು ಹೆಂಗಸರ ಸಭೆ ಕೂತಿತು. ಚಾಮಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಮಗಳು ಮರಮ್ಮನನ್ನು ಕರೆದುಕೊಂಡು ಬಂದು, ಆದರೂ ಒಂದು ಮಾರು ದೂರದಲ್ಲೇ ಕೂತಳು. ಶಿವನಂಜಮ್ಮ ಹಣ್ಣನ್ನೇ ಆ ಕಡೆಗೆ ಅರ್ಧ ಮಾರು ಉರುಳಿಸಿದಳು. ಉಳಿದವರು ಹಣ್ಣಿನ ಹಿಂದೆ ಜರುಗಿದರು.

ಮೊದಲ ಅರ್ಧ ಗಂಟೆ ಸಭೆ ಗಂಡಸರ ಕಟ್ಟೆಗಿಂತ ಹೆಚ್ಚೇನೂ ಬುದ್ಧಿ ತೋರಿಸಲಿಲ್ಲ. ಒಬ್ಬಳಿಗೆ ಬಸ್ಸು ತನ್ನ ಮನೆ ಮುಂದೆಯೇ ನಿಲ್ಲಬೇಕು. ಇನ್ನೊಬ್ಬಳಿಗೆ ಅದು ಪಿರಿಯಾಪಟ್ಟಣದ ತನ್ನ ತವರಿಗೂ ಹೋಗಿಬರಬೇಕು. ಮತ್ತೊಬ್ಬಳು ಹೊಗೆಗೆ ಎಮ್ಮೆ ಬೆದರಿ ಹಾಲು ಕೊಡುವುದಿಲ್ಲ, ಬಸ್ಸೇ ಬೇಡ ಅಂದಳು. ಎಲ್ಲರೂ ನಕ್ಕರು, ತೊಳೆಗಳು ಖಾಲಿಯಾಗುತ್ತಾ ಬಂದವು. ಶಿವನಂಜಮ್ಮ ಉಳಿದ ತೊಳೆಗಳನ್ನು ಕಣ್ಣಲ್ಲೇ ಎಣಿಸಿದಳು. ನನ್ನ ಮೊಮ್ಮಗಳ ಓದಿಗೋಸ್ಕರ ಎಂದು ಹೇಳಿದರೆ ಅದು ತನ್ನೊಬ್ಬಳ ಮನೆಯ ಮಾತಾಗುತ್ತದೆ. ಊರಿನ ಮಾತಾಗುವಂಥದ್ದು ಯಾರ ಬಾಯಿಂದಲಾದರೂ ಬರಬೇಕಿತ್ತು.

ಅಷ್ಟರಲ್ಲಿ ಪುಟ್ಟಸಿದ್ದಮ್ಮ ಬೀಜವೊಂದನ್ನು ಒರೆಸುತ್ತಾ, "ನಂಗೊಂದು ತಿಳೀದು ಅವ್ವಾ" ಅಂದಳು. ವಾರ ವಾರ ಸೌದೆ ಹೊರೆ ಹೊತ್ತು ಹುಣಸೂರಿಗೆ ನಡೆದು ಹೋಗುತ್ತಿದ್ದವಳು ಅವಳು. "ಕಚೇರಿ ಅನ್ನೊಂದಕ್ಕೆ ತಗೀತಾರೆ ಸರಿ. ಅನ್ನೊಂದಕ್ಕೆ ಇವ್ರು ಇಲ್ಲಿ ಬಸ್ ಅತ್ತಿದ್ರೆ ಅಲ್ಲಿ ಇಳಿಯೋದ್ ಎಷ್ಟೊತ್ಗೆ? ನಡುವೆ ಒಂಬತ್ ಮೈಲಿ ಇಲ್ವಾ?"

ಮರದಡಿಯ ಇಪ್ಪತ್ತು ಜನ ಒಟ್ಟಿಗೆ ನಕ್ಕ ನಗುವಿಗೆ ಕೊಂಬೆಯ ಮೇಲಿನ ಕಾಗೆಗಳೆಲ್ಲ ಎದ್ದವು. ಯಾವತ್ತೂ ಬಸ್ಸು ಹತ್ತದ ಗಂಡಸರು, ಹತ್ತುವ ಗಂಟೆಯನ್ನೇ ಇಳಿಯುವ ಗಂಟೆ ಎಂದುಕೊಂಡಿದ್ದರು! ಎತ್ತಿನ ಗಾಡಿಯಲ್ಲಾದರೆ ಕೋಳಿ ಕೂಗುವ ಮುಂಚೆ ಹೊರಡುವ ಅವರಿಗೆ, ಬಸ್ಸೆಂದರೆ ದಾರಿಯೇ ಇರುವುದಿಲ್ಲ ಎನ್ನಿಸಿಬಿಟ್ಟಿತ್ತು. ಅಮಲ್ದಾರರು ಅರ್ಜಿ ತೆಗೆದುಕೊಳ್ಳುವುದು ಹನ್ನೆರಡರ ತನಕ ಮಾತ್ರ. ಕಚೇರಿಗೆಂದು ಹೊರಟವರು ಕಚೇರಿಯ ಊಟದ ಹೊತ್ತಿಗೆ ಹೋಗಿ ಇಳಿಯುತ್ತಿದ್ದರು.

"ಒಂಬತ್ ಗಂಟೆ ಅಂತ ನಾವೇ ಯೋಳ್ಬುಡಾನ. ಒಪ್ಪೋ ಗಂಟ ಉಲ್ಲು ಕೊಡಬ್ಯಾಡಿ" ಎಂದು ಒಬ್ಬಳು ಸೆರಗು ಸಿಕ್ಕಿಸಿದಳು. ಶಿವನಂಜಮ್ಮನಿಗೂ ಆಸೆಯಾಯಿತು. ಬೀಗದ ಕೈ ಸಿಕ್ಕವರಿಗೆ ತಿರುವಿ ನೋಡುವ ಆಸೆ ಇದ್ದೇ ಇರುತ್ತದೆ. ಅವಳು ಪಕ್ಕದಲ್ಲಿ ಬೀಜ ಆರಿಸುತ್ತಾ ಕೂತಿದ್ದ ಮೊಮ್ಮಗಳ ಮುಖ ನೋಡಿದಳು. ನೀಲಾಂಬಿಕೆ ತಲೆ ಅಲ್ಲಾಡಿಸಿದಳು.

"ಅಂಗ್ ಮಾಡಂಗಿಲ್ಲಜ್ಜೀ. ಎಲ್ಡನೇ ಸಭೆಯೋರು ವಾಪಸ್ ಕಳಿಸ್ಬೌದು, ಸ್ವಲ್ಪ ದಿನ ತಡೀಬೌದು. ಕಡೇಗೆ ಮೊದ್ಲನೇ ಸಭೆ ಏನಂತದೋ ಅದೇ."

"ಎಷ್ಟ್ ದಿನ ತಡೀಬೌದು?"

"ಮೇಷ್ಟ್ರು ಮೂರ್ ತಿಂಗ್ಳು ಅಂದ್ರು."

"ಅಷ್ಟ್ಯಾಕೆ ನಮ್ಗೆ? ಸೋಮಾರದ್ ಗಂಟ ಸಾಕು" ಅಂದಳು ಶಿವನಂಜಮ್ಮ. ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಇಲ್ಲ ಎಂದು ಅವಳು ಬಾಯಲ್ಲಿ ಅಂದಳೇ ಹೊರತು, ಆ ನಾಲ್ಕು ದಿನವೂ ಗಂಡ ಹೋದಲ್ಲಿ ಬಂದಲ್ಲಿ ಅವನ ಮೇಲೆಯೇ ಕಣ್ಣಿಟ್ಟಿದ್ದಳು.

ಅವತ್ತು ಸಂಜೆ ಗಂಡನ ತಟ್ಟೆಗೆ ಸಾರು ಬಿಡುತ್ತಾ ಪುಟ್ಟಸಿದ್ದಮ್ಮನ ಪ್ರಶ್ನೆಯನ್ನಷ್ಟೇ ಕೇಳಿದಳು. ಉತ್ತರ ಕೇಳಲಿಲ್ಲ, ಸ್ಕೂಲಿನ ಮಾತೂ ಎತ್ತಲಿಲ್ಲ. ಬೆಟ್ಟಸ್ವಾಮಿ, "ಎಂಗಸ್ರಿಗೆ ಬಸ್ಸಿನ್ ವಿಚಾರ ಏನ್ ಗೊತ್ತು?" ಎಂದು ತಟ್ಟೆ ಹಿಡಿದು ಜಗಲಿಗೆ ಹೋದ. ಆದರೆ ಶುಕ್ರವಾರ ಅವನು ಗೋವಿಂದಯ್ಯ ಮೇಷ್ಟ್ರ ಮನೆಯ ಕಡೆಗೆ, ಹೊಲಕ್ಕೆ ಹೋಗುವವನಂತೆ ಸುತ್ತಿ ಬಳಸಿ ಹೋಗುವುದು ಅವಳ ಕಣ್ಣಿಗೆ ಬಿತ್ತು. ಭಾನುವಾರ ಎತ್ತಿನ ಮೈ ತೊಳೆಯುತ್ತಾ ಅವನು ಒಬ್ಬನೇ ಬೆರಳು ಮಡಚುತ್ತಿದ್ದ. ಒಂಬತ್ತು, ಹತ್ತು, ಹನ್ನೊಂದು, ಮತ್ತೆ ಮೊದಲಿನಿಂದ.

ಸೋಮವಾರ ಕಟ್ಟೆ ಸೇರಿತು. ಏಜೆಂಟ್ ಮಾರನೆಯ ಮಧ್ಯಾಹ್ನಕ್ಕೆ ಬರುವವನಿದ್ದ. ಶಿವನಂಜಮ್ಮ ಎದುರುಮನೆಯ ಗೋಡೆಯ ಮರೆಯಲ್ಲಿ, ಹಿಂದೆ ಮಠದ ಕಂಬದ ಮರೆಯಲ್ಲಿ ನಿಂತಂತೆಯೇ ನಿಂತಳು.

ಬೆಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡ. "ನೋಡ್ರಪ್ಪಾ, ವಾರ ಪೂರ್ತಿ ಯೋಚ್ನೆ ಮಾಡ್ದೆ. ನಂಗೊಂದ್ ಒಳೀತು. ಅನ್ನೊಂದಕ್ಕೆ ಇಲ್ಲಿ ಅತ್ತಿದ್ರೆ ಅಲ್ಲಿ ಇಳಿಯೋದ್ ಎಷ್ಟೊತ್ಗೆ? ನಿಮ್ಮಲ್ಲಿ ಒಬ್ಬುರಾದ್ರೂ ಕೇಳಿದ್ರೇನ್ರಲಾ ಇದ್ನ?"

ಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಮನೆಯಲ್ಲೂ ಎಲ್ಲರೂ ಅದೇ ಪ್ರಶ್ನೆಯನ್ನು ಸಾರಿನ ಜೊತೆ ಉಂಡಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಎಲ್ಲರೂ, "ಅದೇ ಕಣಪ್ಪಾ, ನಂಗೂ ಒಳೀತಿತ್ತು" ಅಂದರು. ಹತ್ತಕ್ಕೆ ಹೊರಟರೂ ಕಚೇರಿಯಲ್ಲಿ ಸಾಲಿನ ಕೊನೆಗೆ ನಿಲ್ಲಬೇಕಾದೀತು, ಒಂಬತ್ತೇ ಸರಿ ಎಂದ ಬೆಟ್ಟಸ್ವಾಮಿ. ನಂಜಣ್ಣನೂ, ಒಂಬತ್ತಕ್ಕಾದರೆ ದೋಸೆ ಇನ್ನೂ ಹೆಚ್ಚು ಖರ್ಚಾಗುತ್ತದೆ ಎಂದು ಒಪ್ಪಿದ. ಒಂಬತ್ತು ಗಂಟೆ ಎಂದು ತೀರ್ಮಾನವಾಯಿತು. ಗೋಡೆಯ ಮರೆಯಲ್ಲಿ ಶಿವನಂಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಹೊಳೆದದ್ದು ಅವನಿಗೇ ಎಂದಾದರೆ ಆಗಲಿ, ಅವಳಿಗೆ ಬೇಕಾಗಿದ್ದದ್ದು ಬಸ್ಸು.

ಮಾರನೆಯ ಬೆಳಿಗ್ಗೆ ಚಾಮಯ್ಯ ಹುಲ್ಲಿಗೆ ಬಂದಾಗ ಅವಳು ಒಂದು ಹಿಡಿ ಕೊಡಲಿಲ್ಲ, ಎರಡು ತೋಳು ತುಂಬ ಕೊಟ್ಟಳು. "ಇಷ್ಟೊಂದ್ ಆಕುದ್ರೆ ತಮಟೆ ಸುಟ್ಟೋಯ್ತದವ್ವಾ!" ಎಂದು ಚಾಮಯ್ಯ ನಕ್ಕ. ಅವತ್ತು ತಮಟೆಯ ದನಿ ಹನಗೋಡಿಗೂ ಕೇಳಿಸಿತು ಎನ್ನುತ್ತಾರೆ. ಇದನ್ನು ಹೇಳುವವರು ಹೊಳೆಕೊಪ್ಪಲಿನವರು.

ಆದರೆ ನೀಲಾಂಬಿಕೆಯ ವಿಷಯವನ್ನು ಬೆಟ್ಟಸ್ವಾಮಿ ಎತ್ತಲೇ ಇಲ್ಲ. ಮೇಷ್ಟ್ರು ಅರ್ಜಿ ಬರೆದು ಕಳಿಸಿದ್ದರು, ಅಜ್ಜಿ ಹೊಸ ಚೀಲ ಹೊಲಿದಿದ್ದಳು. ಯಜಮಾನನ ಬಾಯಿಂದ ಮಾತ್ರ ಹೂಂ ಇಲ್ಲ, ಊಹೂಂ ಇಲ್ಲ. ಬಸ್ಸು ಬರುವ ದಿನ ಬೆಳಿಗ್ಗೆ ನೋಡಿದರೆ ಅವನು ಮನೆಯಲ್ಲೇ ಇರಲಿಲ್ಲ. ಶಿವನಂಜಮ್ಮ ಹೆದರುತ್ತಲೇ ಮೊಮ್ಮಗಳ ಜಡೆ ಹೆಣೆದು, ಕೈ ಹಿಡಿದು ರಸ್ತೆಗೆ ಬಂದಳು.

ಬೆಟ್ಟಸ್ವಾಮಿ ಅಲ್ಲಿದ್ದ. ಒಗೆದ ರುಮಾಲು ಸುತ್ತಿ, ದೊಣ್ಣೆ ಊರಿಕೊಂಡು, ಎಂಟು ಗಂಟೆಯಿಂದ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಮೊಮ್ಮಗಳ ಕೈಯಿಂದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಬಸ್ಸು ಬಂತು. ಊರೇ ಸೇರಿತ್ತು. ನೀಲಾಂಬಿಕೆ ಮೆಟ್ಟಿಲ ಮೇಲೆ ಕಾಲಿಟ್ಟಾಗ, ಪುಟ್ಟಸಿದ್ದಮ್ಮ ಗುಂಪಿನ ಹಿಂದಿನಿಂದ ತನ್ನ ಮಗಳನ್ನು ಮುಂದೆ ತಳ್ಳಿದಳು. ಮರಮ್ಮ ಮೇಷ್ಟ್ರ ಸ್ಕೂಲಿನ ಜಗಲಿಯ ತುದಿಯಲ್ಲಿ ಕೂತೇ ನಾಲ್ಕನೇ ಕ್ಲಾಸು ಮುಗಿಸಿದವಳು. ಅವಳ ಅರ್ಜಿಯನ್ನೂ ಮೇಷ್ಟ್ರು ಬರೆದಿದ್ದರು.

"ಬುದ್ಧೀ, ಇವ್ಳೂ ಓಗ್ಲಾ?"

ಎಲ್ಲರೂ ಬೆಟ್ಟಸ್ವಾಮಿಯ ಮುಖ ನೋಡಿದರು. ಬೆಟ್ಟಸ್ವಾಮಿ ಶಿವನಂಜಮ್ಮನ ಮುಖ ನೋಡಿದ. ಅವಳು ಅವನ ಮೇಲಿನ ಕಣ್ಣು ತೆಗೆಯಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ರೈಟ್ ಅನ್ನಲು ಬಾಯಿ ತೆರೆದ.

ಬೆಟ್ಟಸ್ವಾಮಿ ದೊಣ್ಣೆಯನ್ನು ಬಸ್ಸಿನ ಮುಂದೆ ಅಡ್ಡ ಹಿಡಿದ. "ಇರಯ್ಯಾ! ಎಲ್ಡೂ ಮಕ್ಳು ಅತ್ತಿ ಕೂರೋ ಗಂಟ ಗಾಡಿ ಅಲ್ಲಾಡಕೂಡ್ದು. ಇದು ನಮ್ಮೂರ್ನ ಎಲ್ಡೂ ಸಭೆ ಒಪ್ಪಿರೋ ಮಾತು!"

ಹುಡುಗಿಯರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಶಿವನಂಜಮ್ಮ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಗಂಡನ ಹತ್ತಿರ ಬಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಏನಂದ್ರಿ? ಇನ್ನೊಂದ್ ಸಲ ಯೋಳಿ" ಅಂದಳು.

ಮುದುಕ ಇನ್ನೊಂದು ಸಲ, ಊರಿಗೆಲ್ಲ ಕೇಳುವಂತೆ, ಹೇಳಿದ.